ಕುರ್ದರಿಗೆ ಸ್ವಂತ ದೇಶ ಬೇಕು, ಆದರೂ ಇರಾಕ್ ಬಿಡಲಾಗುತ್ತಿಲ್ಲ: ಏಕೆ?

2017ರ ಸೆಪ್ಟೆಂಬರ್ 25ರಂದು ಉತ್ತರ ಇರಾಕ್‌ನ ಮತದಾರರ ಕೈಗೆ ಬಂದ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿರಲಿಲ್ಲ, ಪಕ್ಷಗಳ ಚಿಹ್ನೆಯೂ ಇರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ. ಅದನ್ನು ಕುರ್ದಿಷ್, ಅರೇಬಿಕ್, ತುರ್ಕ್‌ಮನ್, ಅಸ್ಸಿರಿಯನ್ ಹೀಗೆ ನಾಲ್ಕು ಭಾಷೆಗಳಲ್ಲಿ ಮುದ್ರಿಸಲಾಗಿತ್ತು: ಕುರ್ದಿಸ್ತಾನ ಪ್ರಾಂತ್ಯ ಮತ್ತು ಪ್ರಾಂತ್ಯದ ಆಡಳಿತದಿಂದ ಹೊರಗಿರುವ ಕುರ್ದಿಸ್ತಾನಿ ಪ್ರದೇಶಗಳು ಸ್ವತಂತ್ರ ದೇಶವಾಗಬೇಕೇ? ಶೇ 72ರಷ್ಟು ಮಂದಿ ಮತ ಹಾಕಿದರು. ಅವರಲ್ಲಿ ಶೇ 92.7ರಷ್ಟು ಮಂದಿ ‘ಹೌದು’ ಎಂದರು.

ಮೂರು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 16ರಂದು, ಇರಾಕ್ ಸೇನೆ ಕಿರ್ಕುಕ್ ನಗರವನ್ನೂ ಅದರ ಸುತ್ತಲಿನ ತೈಲಬಾವಿಗಳನ್ನೂ ಕುರ್ದರ ಕೈಯಿಂದ ಕಿತ್ತುಕೊಂಡಿತು. ನವೆಂಬರ್ 1ಕ್ಕೆ ಕುರ್ದಿಸ್ತಾನದ ಅಧ್ಯಕ್ಷ ಮಸೂದ್ ಬರ್ಜಾನಿ ಕುರ್ಚಿ ಬಿಟ್ಟರು. ನವೆಂಬರ್ 20ಕ್ಕೆ ಇರಾಕ್‌ನ ಸುಪ್ರೀಂ ಕೋರ್ಟ್ ಇಡೀ ಜನಮತಗಣನೆಯನ್ನೇ ಅಸಾಂವಿಧಾನಿಕ ಎಂದು ರದ್ದು ಮಾಡಿತು.

ನೂರಕ್ಕೆ ತೊಂಬತ್ತೆರಡು ಜನ ಬೇಕು ಎಂದ ಮೇಲೂ ದೇಶ ಹುಟ್ಟಲಿಲ್ಲ. ಈ ಪ್ರಶ್ನೆ ಈಗ ಮತ್ತೆ ಸುದ್ದಿಗೆ ಬಂದಿದೆ. 2025ರಲ್ಲಿ ಟರ್ಕಿಯ ಕುರ್ದ್ ಬಂಡುಕೋರ ಸಂಘಟನೆ ತನ್ನನ್ನೇ ವಿಸರ್ಜಿಸಿಕೊಂಡಿತು, ಸಿರಿಯಾದ ಕುರ್ದರು ಹೊಸ ಸರ್ಕಾರದ ಜತೆ ಒಪ್ಪಂದಕ್ಕೆ ಸಹಿ ಹಾಕಿದರು, ಇರಾಕ್‌ನ ಕುರ್ದರು ತಮ್ಮ ತೈಲ ಮಾರುವ ಹಕ್ಕನ್ನು ಬಾಗ್ದಾದಿಗೆ ಒಪ್ಪಿಸಿದರು. ಮೂರೂ ಕಡೆ ಪ್ರಶ್ನೆ ಒಂದೇ: ಇರುವ ದೇಶದೊಳಗೇ ಉಳಿದು ಹಕ್ಕು ಕೇಳುವುದೋ, ಬೇರೆಯಾಗುವುದೋ? ಇದನ್ನು ಬುಡದಿಂದ ನೋಡೋಣ. ಹೆಚ್ಚು ಹೊತ್ತು ಇರಾಕ್‌ನಲ್ಲೇ ನಿಲ್ಲುತ್ತೇನೆ, ಏಕೆಂದರೆ ಪ್ರತ್ಯೇಕ ದೇಶದ ಬಾಗಿಲವರೆಗೆ ಹೋಗಿ ಬಂದವರು ಅಲ್ಲಿಯ ಕುರ್ದರೇ.

ಕುರ್ದರು ಯಾರು?

ಟರ್ಕಿಯ ಆಗ್ನೇಯ, ಇರಾನ್‌ನ ವಾಯವ್ಯ, ಇರಾಕ್‌ನ ಉತ್ತರ, ಸಿರಿಯಾದ ಈಶಾನ್ಯ. ಈ ನಾಲ್ಕು ಮೂಲೆಗಳು ಕೂಡುವ ಬೆಟ್ಟಸೀಮೆಯ ಜನ ಕುರ್ದರು. ಅವರ ಸಂಖ್ಯೆ ಸುಮಾರು ಮೂರರಿಂದ ನಾಲ್ಕು ಕೋಟಿ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚಿನವರು ಟರ್ಕಿಯಲ್ಲಿದ್ದಾರೆ. ಅವರು ಅರಬರೂ ಅಲ್ಲ, ತುರ್ಕರೂ ಅಲ್ಲ. ಅವರ ಭಾಷೆ ಪರ್ಷಿಯನ್ನಿಗೆ ಹತ್ತಿರದ್ದು. ಬಹುತೇಕರು ಸುನ್ನಿ ಮುಸ್ಲಿಮರು. ಜತೆಗೆ ಶಿಯಾಗಳು, ಅಲೆವಿಗಳು, ಯಜೀದಿಗಳೂ ಇದ್ದಾರೆ.

ಅವರ ನುಡಿಯೂ ಒಂದೇ ರೂಪದಲ್ಲಿಲ್ಲ. ಟರ್ಕಿ, ಸಿರಿಯಾಗಳಲ್ಲಿ ಕುರ್ಮಾಂಜಿ ಆಡುತ್ತಾರೆ, ಲ್ಯಾಟಿನ್ ಲಿಪಿಯಲ್ಲಿ ಬರೆಯುತ್ತಾರೆ. ಇರಾಕ್‌ನ ಸುಲೈಮಾನಿಯಾ ಕಡೆ ಸೊರಾನಿ, ಅರೇಬಿಕ್ ಮೂಲದ ಲಿಪಿ. ಒಬ್ಬರ ಪತ್ರಿಕೆಯನ್ನು ಇನ್ನೊಬ್ಬರು ಸಲೀಸಾಗಿ ಓದಲಾರರು. ‘ಕುರ್ದರು ಏನು ಬಯಸುತ್ತಾರೆ’ ಎಂದು ಏಕವಚನದಲ್ಲಿ ಕೇಳುವ ಮುಂಚೆ ಇದು ನೆನಪಿನಲ್ಲಿದ್ದರೆ ಒಳ್ಳೆಯದು.

ಸಿಕ್ಕ ಹಾಗೆ ಆಗಿ ತಪ್ಪಿದ ದೇಶ

ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ ಸಾಮ್ರಾಜ್ಯ ಸೋತಿತು. ಗೆದ್ದವರು 1920ರ ಆಗಸ್ಟ್‌ನಲ್ಲಿ ಸೇವ್ರ್ ಒಪ್ಪಂದ ಬರೆದರು. ಅದರ 62ರಿಂದ 64ರವರೆಗಿನ ವಿಧಿಗಳು ಕುರ್ದರಿಗೆ ಮೊದಲು ಸ್ವಾಯತ್ತತೆ, ಆಮೇಲೆ ಅವರು ಬಯಸಿದರೆ ಸ್ವಾತಂತ್ರ್ಯ ಎಂದು ದಾರಿ ತೋರಿಸಿದ್ದವು. ಅಷ್ಟರಲ್ಲಿ ಮುಸ್ತಫಾ ಕೆಮಾಲ್ ನೇತೃತ್ವದ ತುರ್ಕರು ಯುದ್ಧ ಮಾಡಿ ಗೆದ್ದರು, ಸೇವ್ರ್ ಕಾಗದ ಮೂಲೆ ಸೇರಿತು. 1923ರ ಜುಲೈ 24ರಂದು ಸಹಿಯಾದ ಲೋಸಾನ್ ಒಪ್ಪಂದದಲ್ಲಿ ಕುರ್ದರ ಹೆಸರೇ ಇರಲಿಲ್ಲ. ಕುರ್ದರು ಹೆಚ್ಚಾಗಿದ್ದ ಮೋಸುಲ್ ಪ್ರಾಂತ್ಯವನ್ನು ಬ್ರಿಟಿಷರ ಹಿಡಿತದ ಇರಾಕ್‌ಗೆ ಸೇರಿಸಲಾಯಿತು.

ಇರಾನ್‌ನ ಮಹಾಬಾದ್ ಪಟ್ಟಣದಲ್ಲಿ ಒಮ್ಮೆ ಒಂದು ಕುರ್ದ್ ಗಣರಾಜ್ಯ ನಿಜಕ್ಕೂ ಹುಟ್ಟಿತ್ತು, 1946ರ ಜನವರಿ 22ರಂದು. ಅದರ ಬೆನ್ನಿಗಿದ್ದದ್ದು ಎರಡನೇ ಮಹಾಯುದ್ಧದಲ್ಲಿ ಇರಾನ್‌ನ ಉತ್ತರಕ್ಕೆ ಬಂದು ಕೂತಿದ್ದ ಸೋವಿಯತ್ ಸೇನೆ. ಆ ಸೇನೆ ವಾಪಸಾಯಿತು, ಡಿಸೆಂಬರಿನಲ್ಲಿ ಇರಾನ್ ಸೇನೆ ಬಂತು. ಗಣರಾಜ್ಯದ ಅಧ್ಯಕ್ಷ ಖಾಜಿ ಮುಹಮ್ಮದ್ ಯಾವ ಚೌಕದಲ್ಲಿ ಘೋಷಣೆ ಓದಿದ್ದರೋ ಅದೇ ಚೌಕದಲ್ಲಿ 1947ರ ಮಾರ್ಚ್‌ನಲ್ಲಿ ಅವರನ್ನು ನೇಣಿಗೇರಿಸಲಾಯಿತು. ಆ ಗಣರಾಜ್ಯದ ಪರ ಕಾದಾಡಿದ ಮುಸ್ತಫಾ ಬರ್ಜಾನಿ ಇರಾಕ್‌ನವರು; 2017ರ ಜನಮತಗಣನೆ ಕರೆದ ಮಸೂದ್ ಬರ್ಜಾನಿ ಅವರ ಮಗ. ಮಸೂದ್ ಹುಟ್ಟಿದ್ದೂ 1946ರಲ್ಲಿ, ಮಹಾಬಾದ್‌ನಲ್ಲಿಯೇ.

ಇರಾಕ್‌ನಲ್ಲಿ ನಂಬಿಕೆ ಮುರಿದದ್ದು ಹೇಗೆ?

ಇರಾಕ್ ಸರ್ಕಾರ ಮತ್ತು ಮುಸ್ತಫಾ ಬರ್ಜಾನಿ ನಡುವೆ 1970ರ ಮಾರ್ಚ್ 11ರಂದು ಸ್ವಾಯತ್ತತೆಯ ಒಪ್ಪಂದವಾಯಿತು. ಅಂದರೆ ದೇಶ ಒಂದೇ, ಆದರೆ ಕುರ್ದ್ ಸೀಮೆಯ ಒಳಾಡಳಿತ ಕುರ್ದರದ್ದು. ಕಾಗದದ ಮೇಲೆ ಚೆನ್ನಾಗಿತ್ತು. ಕಿರ್ಕುಕ್ ಯಾರಿಗೆ ಸೇರಬೇಕು ಎಂಬಲ್ಲಿ ಅದು ಮುರಿದುಬಿತ್ತು. ಅಲ್ಲಿ ತೈಲ ಇತ್ತು. 1974ರಲ್ಲಿ ಯುದ್ಧ ಶುರುವಾಯಿತು. ಇರಾನ್‌ನ ಷಾ ಮತ್ತು ಅಮೆರಿಕ ಕುರ್ದರಿಗೆ ಶಸ್ತ್ರ ಕೊಟ್ಟರು. 1975ರ ಮಾರ್ಚ್ 6ರಂದು ಅಲ್ಜೀರ್ಸ್‌ನಲ್ಲಿ ಷಾ ಮತ್ತು ಸದ್ದಾಂ ಹುಸೇನ್ ಶತ್ ಅಲ್ ಅರಬ್ ನದಿಯ ಗಡಿ ತಂಟೆ ಬಗೆಹರಿಸಿಕೊಂಡು ಕೈಕುಲುಕಿದರು. ಕುರ್ದರಿಗೆ ಬರುತ್ತಿದ್ದ ನೆರವು ರಾತ್ರೋರಾತ್ರಿ ನಿಂತಿತು, ಬಂಡಾಯ ಕೆಲವೇ ವಾರಗಳಲ್ಲಿ ಕುಸಿಯಿತು.

ಮುಂದಿನದು ಇನ್ನೂ ಕರಾಳ. 1988ರಲ್ಲಿ ಸದ್ದಾಂ ಸರ್ಕಾರ ಅನ್ಫಾಲ್ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಸಾವಿರಾರು ಹಳ್ಳಿಗಳನ್ನು ನೆಲಸಮ ಮಾಡಿತು. ಸತ್ತವರ ಸಂಖ್ಯೆಯನ್ನು ಮಾನವ ಹಕ್ಕು ಸಂಘಟನೆಗಳು 50 ಸಾವಿರದಿಂದ ಒಂದು ಲಕ್ಷ ಎನ್ನುತ್ತವೆ, ಕುರ್ದರು 1.82 ಲಕ್ಷ ಎನ್ನುತ್ತಾರೆ. ಅದೇ ವರ್ಷ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿಯಲಾಯಿತು. ಸುಮಾರು 5,000 ಮಂದಿ ಸತ್ತರು. ‘ಇರಾಕ್‌ನ ಏಕತೆ’ ಎಂಬ ಮಾತು ಕೇಳಿದಾಗ ಒಬ್ಬ ವಯಸ್ಸಾದ ಕುರ್ದನ ಮನಸ್ಸಿಗೆ ಮೊದಲು ಬರುವುದು ಈ ವರ್ಷ.

1991ರ ಕೊಲ್ಲಿ ಯುದ್ಧದ ಬಳಿಕ ಕುರ್ದರು ಮತ್ತೆ ದಂಗೆ ಎದ್ದರು. ಸದ್ದಾಂ ಸೇನೆ ತಿರುಗಿಬಿದ್ದಾಗ ಲಕ್ಷಾಂತರ ಜನ ಟರ್ಕಿ, ಇರಾನ್ ಗಡಿಯ ಹಿಮದ ಬೆಟ್ಟಗಳಿಗೆ ಓಡಿದರು. ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ 36ನೇ ಅಕ್ಷಾಂಶದ ಉತ್ತರಕ್ಕೆ ಇರಾಕ್ ವಿಮಾನಗಳು ಹಾರದಂತೆ ತಡೆ ಹಾಕಿದವು. ಸದ್ದಾಂ ತನ್ನ ಆಡಳಿತವನ್ನು ಅಲ್ಲಿಂದ ಹಿಂತೆಗೆದುಕೊಂಡ. ಹೀಗೆ ಯಾರೂ ಘೋಷಿಸದೆಯೇ ಒಂದು ಕುರ್ದ್ ಸರ್ಕಾರ ನಿಂತಿತು. 1992ರ ಮೇ ತಿಂಗಳಲ್ಲಿ ಚುನಾವಣೆಯೂ ಆಯಿತು. ಬೇಕಿದ್ದರೆ ಆ ಸಂಸತ್ತು ಆಗಲೇ ಸ್ವಾತಂತ್ರ್ಯ ಘೋಷಿಸಬಹುದಿತ್ತು. ಆದರೆ ಅಕ್ಟೋಬರಿನಲ್ಲಿ ಅದು ಆರಿಸಿಕೊಂಡದ್ದು ಇರಾಕ್‌ನೊಳಗಿನ ಒಕ್ಕೂಟ ವ್ಯವಸ್ಥೆಯನ್ನು.

2005ರ ಸಂವಿಧಾನ: ಒಟ್ಟಿಗಿರುವ ಕರಾರು

2003ರಲ್ಲಿ ಅಮೆರಿಕ ಸದ್ದಾಂನನ್ನು ಉರುಳಿಸಿತು. 2005ರಲ್ಲಿ ಹೊಸ ಸಂವಿಧಾನ ಬಂತು. ಅದನ್ನು ಬರೆಯುವಾಗ ಕುರ್ದರ ಕೈ ಮೇಲಿತ್ತು. ಕುರ್ದಿಷ್ ದೇಶದ ಎರಡನೇ ಅಧಿಕೃತ ಭಾಷೆಯಾಯಿತು. 117ನೇ ವಿಧಿ ಕುರ್ದಿಸ್ತಾನವನ್ನು ಒಕ್ಕೂಟದ ಪ್ರಾಂತ್ಯವೆಂದು ಒಪ್ಪಿತು. ಇರಾಕ್‌ನ ರಾಷ್ಟ್ರಪತಿ ಕುರ್ದ್, ಪ್ರಧಾನಿ ಶಿಯಾ, ಸ್ಪೀಕರ್ ಸುನ್ನಿ ಎಂಬ ಅಲಿಖಿತ ಪದ್ಧತಿ ಬಿತ್ತು. ಬೆಟ್ಟದಲ್ಲಿ ಬಂದೂಕು ಹಿಡಿದಿದ್ದ ಕುರ್ದ್ ನಾಯಕ ಜಲಾಲ್ ತಾಲಬಾನಿ ರಾಷ್ಟ್ರಪತಿಯಾದರು.

ಕುರ್ದಿಸ್ತಾನದ ರಾಜಧಾನಿ ಎರ್ಬಿಲ್‌ಗೆ ತನ್ನದೇ ಸಂಸತ್ತು, ಪ್ರಧಾನಿ, ಬಾವುಟ, ಪೆಶ್ಮೆರ್ಗಾ ಎಂಬ ತನ್ನದೇ ಪಡೆ, ಹಲವು ವರ್ಷಗಳ ಕಾಲ ತನ್ನದೇ ವೀಸಾ. ದೊಡ್ಡ ದೇಶಗಳು ಅಲ್ಲಿ ಕಾನ್ಸುಲೇಟ್ ತೆರೆದವು. ಭಾರತದ್ದು 2016ರಲ್ಲಿ ಬಂತು. 2014ರಲ್ಲಿ ತಿಕ್ರಿತ್‌ನಲ್ಲಿ ಉಗ್ರರ ಕೈಗೆ ಸಿಕ್ಕಿದ್ದ ಕೇರಳದ 46 ನರ್ಸ್‌ಗಳು ಬಿಡುಗಡೆಯಾಗಿ ಕೊಚ್ಚಿಯ ವಿಮಾನ ಹತ್ತಿದ್ದು ಎರ್ಬಿಲ್ ನಿಲ್ದಾಣದಲ್ಲಿ.

ಆದರೆ ಕರಾರಿನಲ್ಲಿ ಎರಡು ಗಂಟು ಹಾಗೇ ಉಳಿದವು.

ಮೊದಲನೆಯದು ಜಾಗ. ಕಿರ್ಕುಕ್, ಸಿಂಜಾರ್ ಮುಂತಾದ ‘ವಿವಾದಿತ ಪ್ರದೇಶ’ಗಳಿಂದ ಸದ್ದಾಂ ಕುರ್ದರನ್ನೂ ತುರ್ಕ್‌ಮನ್ನರನ್ನೂ ಓಡಿಸಿ ಅರಬರನ್ನು ತಂದು ಕೂರಿಸಿದ್ದ. ಅದನ್ನು ಸರಿಪಡಿಸಲು 140ನೇ ವಿಧಿ ಮೂರು ಹೆಜ್ಜೆ ಹೇಳಿತು: ಓಡಿಸಲ್ಪಟ್ಟವರನ್ನು ಮರಳಿಸುವುದು, ಜನಗಣತಿ, ಆಮೇಲೆ ಅಲ್ಲಿಯ ಜನರ ಮತ. 2007ರ ಡಿಸೆಂಬರ್ 31ರ ಗಡುವೂ ಇತ್ತು. ಮತದಾನ ನಡೆಯಲೇ ಇಲ್ಲ. ಜನಗಣತಿ ಆದದ್ದು 2024ರ ನವೆಂಬರ್‌ನಲ್ಲಿ, ಅದೂ ನೀವು ಕುರ್ದರೋ ಅರಬರೋ ಎಂಬ ಪ್ರಶ್ನೆಯನ್ನೇ ಕೈಬಿಟ್ಟು.

ಎರಡನೆಯದು ತೈಲ. ಹಳೆಯ ಬಾವಿಗಳನ್ನು ಕೇಂದ್ರವೂ ಪ್ರಾಂತ್ಯವೂ ಸೇರಿ ನಿರ್ವಹಿಸಬೇಕು ಎಂದು ಸಂವಿಧಾನ ಹೇಳಿತು. ಹೊಸ ಬಾವಿಗಳ ಮಾತೇನು? ಎರ್ಬಿಲ್ ‘ಅವು ನಮ್ಮವು’ ಎಂದು ಓದಿಕೊಂಡಿತು, ಬಾಗ್ದಾದ್ ‘ಎಲ್ಲವೂ ದೇಶದ್ದು’ ಎಂದಿತು. ವಿವರ ಬಿಡಿಸಿ ಹೇಳಬೇಕಿದ್ದ ತೈಲ ಕಾನೂನು ಇಂದಿಗೂ ಪಾಸಾಗಿಲ್ಲ.

ಸಂಬಳದ ಜಗಳ ದೇಶದ ಜಗಳವಾದದ್ದು

ಕುರ್ದಿಸ್ತಾನದಲ್ಲಿ ಸರ್ಕಾರಿ ಸಂಬಳ ಅಥವಾ ಪಿಂಚಣಿ ಪಡೆಯುವವರು ಸುಮಾರು 12 ಲಕ್ಷ ಮಂದಿ. ಪ್ರಾಂತ್ಯದ ಜನಸಂಖ್ಯೆ ಅರವತ್ತು ಲಕ್ಷದ ಆಸುಪಾಸು. ಹೆಚ್ಚುಕಡಿಮೆ ಪ್ರತಿ ಮನೆಯ ಒಲೆಯೂ ಖಜಾನೆಯಿಂದಲೇ ಉರಿಯುತ್ತದೆ ಎನ್ನಬಹುದು. ಈ ದುಡ್ಡು ಬರುತ್ತಿದ್ದದ್ದು ಬಾಗ್ದಾದಿನಿಂದ, ಕೇಂದ್ರ ಬಜೆಟ್‌ನ ಶೇ 17ರ ಲೆಕ್ಕದಲ್ಲಿ.

2014ರ ಆರಂಭದಲ್ಲಿ, ಎರ್ಬಿಲ್ ತನ್ನ ತೈಲವನ್ನು ತಾನೇ ಟರ್ಕಿಯ ಮೂಲಕ ಮಾರಲು ಹೊರಟಾಗ, ಬಾಗ್ದಾದ್ ಆ ಹಣ ನಿಲ್ಲಿಸಿತು. ಮೇ ತಿಂಗಳಲ್ಲಿ ಟರ್ಕಿಯ ಜೇಹಾನ್ ಬಂದರಿನಿಂದ ಕುರ್ದಿಸ್ತಾನದ ತೈಲ ಹೊತ್ತ ಹಡಗು ಹೊರಟಿತು. ಲೆಕ್ಕ ಸರಳವಾಗಿತ್ತು: ಬ್ಯಾರಲ್‌ಗೆ ನೂರು ಡಾಲರ್ ಇರುವಾಗ ಬಾಗ್ದಾದಿನ ಹಂಗು ಯಾಕೆ? ಅದೇ ವರ್ಷದ ಕೊನೆಗೆ ತೈಲ ಬೆಲೆ ಅರ್ಧಕ್ಕೆ ಕುಸಿಯಿತು. ಅಷ್ಟರಲ್ಲಿ ಐಸಿಸ್ ದಂಡು ಮೋಸುಲ್ ನುಂಗಿತ್ತು, ನಿರಾಶ್ರಿತರು ಲಕ್ಷಗಟ್ಟಲೆ ಕುರ್ದಿಸ್ತಾನಕ್ಕೆ ಬಂದಿದ್ದರು. ಮೇಷ್ಟ್ರುಗಳ, ನರ್ಸ್‌ಗಳ, ಸೈನಿಕರ ಸಂಬಳ ತಿಂಗಳುಗಟ್ಟಲೆ ತಡವಾಗತೊಡಗಿತು, ಆಮೇಲೆ ಕಡಿತವಾಯಿತು.

ಐಸಿಸ್‌ನಿಂದ ಒಂದು ಲಾಭವೂ ಆಯಿತು, ಕಹಿಯಾದರೂ ನಿಜ. 2014ರ ಜೂನ್‌ನಲ್ಲಿ ಇರಾಕ್ ಸೇನೆ ಕಿರ್ಕುಕ್ ಬಿಟ್ಟು ಓಡಿದಾಗ ಪೆಶ್ಮೆರ್ಗಾ ಒಳಹೊಕ್ಕಿತು. 140ನೇ ವಿಧಿ ಏಳು ವರ್ಷ ಕಾಯಿಸಿದ್ದು ಒಂದೇ ದಿನದಲ್ಲಿ ಕೈಗೆ ಬಂತು. ಜಗತ್ತಿನ ಟಿವಿಗಳಲ್ಲೆಲ್ಲ ಕುರ್ದರು ಉಗ್ರರನ್ನು ತಡೆದ ಶೂರರು. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಮಸೂದ್ ಬರ್ಜಾನಿಗೆ ಅನ್ನಿಸಿದ್ದರಲ್ಲಿ ಅಚ್ಚರಿಯಿಲ್ಲ. ಟೀಕಾಕಾರರು ಬೇರೆ ಕಾರಣವನ್ನೂ ಹೇಳುತ್ತಾರೆ: ಅವರ ಅವಧಿ 2015ರ ಆಗಸ್ಟ್‌ಗೇ ಮುಗಿದಿತ್ತು, ಸಂಸತ್ತಿಗೆ ಸುಮಾರು ಎರಡು ವರ್ಷ ಬೀಗ ಬಿದ್ದಿತ್ತು, ಸಂಬಳವಿಲ್ಲದೆ ಜನ ಬೀದಿಗಿಳಿದಿದ್ದರು, ಇದೆಲ್ಲವನ್ನೂ ಮರೆಸಲು ಸ್ವಾತಂತ್ರ್ಯದ ಕೂಗು ಬೇಕಿತ್ತು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ.

2017: ಮತ ಗೆದ್ದು ನೆಲ ಸೋತದ್ದು

ಮತಪತ್ರದ ಪ್ರಶ್ನೆಯನ್ನು ಮತ್ತೊಮ್ಮೆ ನೋಡಿ. ‘ಪ್ರಾಂತ್ಯದ ಆಡಳಿತದಿಂದ ಹೊರಗಿರುವ ಕುರ್ದಿಸ್ತಾನಿ ಪ್ರದೇಶಗಳು’ ಎಂದರೆ ಎಲ್ಲಕ್ಕಿಂತ ಮೊದಲು ಕಿರ್ಕುಕ್. ಬಾಗ್ದಾದ್ ಕೆರಳಿದ್ದು ಮುಖ್ಯವಾಗಿ ಇದಕ್ಕೆ. ಪ್ರಾಂತ್ಯದೊಳಗೆ ಮಾತ್ರ ಮತ ಕೇಳಿದ್ದರೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ, ಆದರೆ ಟ್ಯಾಂಕುಗಳು ಹೊರಡಲು ನೆಪ ಸಿಕ್ಕಿದ್ದು ಇಲ್ಲಿ.

ಟರ್ಕಿ, ಇರಾನ್ ಎರಡೂ ಬೆದರಿಕೆ ಹಾಕಿದವು. ತಮ್ಮ ದೇಶದ ಕುರ್ದರೂ ನಾಳೆ ಇದನ್ನೇ ಕೇಳಿದರೆ ಎಂಬ ಭಯ ಅವುಗಳದ್ದು. ಅಮೆರಿಕ, ಬ್ರಿಟನ್, ವಿಶ್ವಸಂಸ್ಥೆ ಮುಂದೂಡಿ ಎಂದವು. ಬಹಿರಂಗವಾಗಿ ಬೆಂಬಲಿಸಿದ ದೇಶ ಇಸ್ರೇಲ್ ಒಂದೇ. ಅರಬ್ ನೆರೆಹೊರೆಯಲ್ಲಿ ಅದು ಉಪಕಾರಕ್ಕಿಂತ ಅಪಕಾರವೇ ಆಯಿತು. ಬಾಗ್ದಾದ್ ಎರ್ಬಿಲ್ ಮತ್ತು ಸುಲೈಮಾನಿಯಾ ನಿಲ್ದಾಣಗಳಿಗೆ ವಿದೇಶಿ ವಿಮಾನ ಬಾರದಂತೆ ಮಾಡಿತು. ಆ ತಡೆ ತೆರವಾದದ್ದು 2018ರ ಮಾರ್ಚ್‌ನಲ್ಲಿ.

ಇಲ್ಲಿ ಭೂಗೋಳದ ಮಾತು ಬರುತ್ತದೆ. ಕುರ್ದಿಸ್ತಾನಕ್ಕೆ ಸಮುದ್ರವಿಲ್ಲ. ನಮ್ಮ ಹಳ್ಳಿಗಳಲ್ಲಿ ಬಂಡಿದಾರಿ ಇಲ್ಲದ ಹೊಲ ಇರುತ್ತದಲ್ಲ, ಹಾಗೆ. ಪಹಣಿ ನಿಮ್ಮ ಹೆಸರಿಗೇ ಇರಬಹುದು, ಬೆಳೆಯೂ ಹುಲುಸಾಗಿ ಬಂದಿರಬಹುದು. ಆದರೆ ಸುತ್ತಲಿನ ನಾಲ್ಕು ಹೊಲದವರಲ್ಲಿ ಒಬ್ಬನಾದರೂ ಬದುವಿನ ಮೇಲೆ ಗಾಡಿ ಬಿಡದಿದ್ದರೆ ಒಂದು ಮೂಟೆಯೂ ಮನೆ ಸೇರುವುದಿಲ್ಲ. ಎರ್ಬಿಲ್‌ಗೆ ದಾರಿ ಬಿಟ್ಟಿದ್ದವನು ಟರ್ಕಿ. ಆ ದಾರಿ ಎಷ್ಟು ದಿನ ಎಂಬುದು ಎರ್ಬಿಲ್ ಕೈಯಲ್ಲಿರಲಿಲ್ಲ.

ಇನ್ನೊಂದು ಸೂಕ್ಷ್ಮ. ಜನಮತದ ವಿರುದ್ಧ ಸುಲೈಮಾನಿಯಾದಲ್ಲಿ ಒಂದು ಪ್ರಚಾರ ನಡೆದಿತ್ತು. ಅದರ ಘೋಷಣೆ ‘ಸದ್ಯಕ್ಕೆ ಬೇಡ’ ಎಂದಿತ್ತು, ‘ಬೇಡ’ ಎಂದಲ್ಲ. ಅದನ್ನು ನಡೆಸಿದ ಉದ್ಯಮಿ ಶಾಸ್ವಾರ್ ಅಬ್ದುಲ್‌ವಾಹಿದ್ ಮುಂದೆ ‘ನ್ಯೂ ಜನರೇಷನ್’ ಪಕ್ಷ ಕಟ್ಟಿದರು, 2024ರ ಚುನಾವಣೆಯಲ್ಲಿ 100ರಲ್ಲಿ 15 ಸ್ಥಾನ ಗೆದ್ದರು. ಸ್ವಾತಂತ್ರ್ಯವೇ ತಪ್ಪು ಎಂದು ಹೇಳಿ ಮತ ಕೇಳುವ ಪಕ್ಷ ಅಲ್ಲಿ ಸಿಗುವುದು ಕಷ್ಟ. ವಾದವೆಲ್ಲ ಯಾವಾಗ, ಯಾರ ನೇತೃತ್ವದಲ್ಲಿ, ಯಾವ ಬೆಲೆಗೆ ಎಂಬುದರ ಮೇಲೆ.

ಒಗ್ಗಟ್ಟು ಎಂದರೆ ಯಾರ ಒಗ್ಗಟ್ಟು?

ಇರಾಕ್‌ನ ಏಕತೆಯೋ ಕುರ್ದರ ಸ್ವಾತಂತ್ರ್ಯವೋ ಎಂದು ಎರಡೇ ಬಾಗಿಲು ಇಟ್ಟು ಚರ್ಚಿಸುವಾಗ ಮೂರನೆಯದೊಂದು ಮರೆತುಹೋಗುತ್ತದೆ: ಕುರ್ದರೊಳಗಿನ ಏಕತೆ. ನನಗೆ ಕಂಡಂತೆ 2017ರ ಸೋಲಿನ ಹೆಚ್ಚಿನ ಪಾಲು ಇಲ್ಲಿದೆ.

ಇರಾಕ್‌ನ ಕುರ್ದರಲ್ಲಿ ಎರಡು ದೊಡ್ಡ ಪಕ್ಷಗಳು. ಬರ್ಜಾನಿ ಮನೆತನದ ಕೆಡಿಪಿ, ಎರ್ಬಿಲ್ ಮತ್ತು ದುಹೋಕ್‌ನಲ್ಲಿ ಬಲಿಷ್ಠ. ತಾಲಬಾನಿ ಮನೆತನದ ಪಿಯುಕೆ, ಸುಲೈಮಾನಿಯಾದಲ್ಲಿ. 1992ರಲ್ಲಿ ಮತ ಸಮಸಮ ಬಿದ್ದಾಗ ಸರ್ಕಾರವನ್ನೇ ಎರಡಾಗಿ ಸೀಳಿಕೊಂಡರು: ಮಂತ್ರಿ ಒಂದು ಪಕ್ಷದವನಾದರೆ ಉಪಮಂತ್ರಿ ಇನ್ನೊಂದರವನು. ಎರಡು ವರ್ಷ ತುಂಬುವಷ್ಟರಲ್ಲಿ ಅಂತರ್ಯುದ್ಧ. 1996ರ ಆಗಸ್ಟ್ 31ರಂದು ಪಿಯುಕೆಯನ್ನು ಎರ್ಬಿಲ್‌ನಿಂದ ಓಡಿಸಲು ಕೆಡಿಪಿ ಸದ್ದಾಂ ಸೇನೆಯನ್ನೇ ಕರೆಸಿತು. ಪಿಯುಕೆ ಇರಾನ್‌ನ ಕಡೆ ವಾಲಿತ್ತು. ಹಲಬ್ಜಾ ಆಗಿ ಆಗ ಎಂಟು ವರ್ಷವಷ್ಟೇ. 1998ರಲ್ಲಿ ಅಮೆರಿಕ ಇಬ್ಬರನ್ನೂ ವಾಷಿಂಗ್ಟನ್‌ಗೆ ಕರೆಸಿ ರಾಜಿ ಮಾಡಿಸಬೇಕಾಯಿತು.

ರಾಜಿಯಾದರೂ ಬಂದೂಕು ಒಂದಾಗಲಿಲ್ಲ. ಪೆಶ್ಮೆರ್ಗಾದಲ್ಲಿ 70ನೇ ಘಟಕ ಪಿಯುಕೆಯದ್ದು, 80ನೇ ಘಟಕ ಕೆಡಿಪಿಯದ್ದು ಎಂದು ಬೇರೆಬೇರೆ ಉಳಿದವು. 2017ರ ಅಕ್ಟೋಬರ್ 3ರಂದು ಜಲಾಲ್ ತಾಲಬಾನಿ ತೀರಿಕೊಂಡರು. ಹದಿಮೂರು ದಿನಗಳ ನಂತರ ಇರಾಕ್ ಸೇನೆ ಕಿರ್ಕುಕ್ ಮೇಲೆ ಹೊರಟಾಗ ಪಿಯುಕೆಯ ಒಂದು ಬಣದ ಪಡೆಗಳು ಹೋರಾಡದೆ ಹಿಂದೆ ಸರಿದವು. ಕೆಡಿಪಿ ಇದನ್ನು ದ್ರೋಹ ಎಂದಿತು. ಗೆಲ್ಲಲಾಗದ ಯುದ್ಧದಲ್ಲಿ ಜನರನ್ನು ಉಳಿಸಿದೆವು ಎಂಬುದು ಇನ್ನೊಂದು ಕಡೆಯ ಉತ್ತರ. ಕಿರ್ಕುಕ್ ಹೋದದ್ದರಿಂದ ಎರ್ಬಿಲ್‌ನ ತೈಲ ರಫ್ತು ಸುಮಾರು ಅರ್ಧಕ್ಕಿಳಿಯಿತು. ಮರುವರ್ಷ ಬಾಗ್ದಾದ್ ಬಜೆಟ್ ಪಾಲನ್ನೂ ಶೇ 17ರಿಂದ 12.67ಕ್ಕೆ ಇಳಿಸಿತು.

ಗಡಿಯಾಚೆಯ ಕುರ್ದರು ಆರಿಸಿದ ದಾರಿ

ಟರ್ಕಿಯಲ್ಲಿ ಪ್ರಶ್ನೆ ಬಹುಕಾಲ ದೇಶದ್ದಷ್ಟೇ ಆಗಿರಲಿಲ್ಲ, ಅಕ್ಷರದ್ದೂ ಆಗಿತ್ತು. ಕುರ್ದಿಷ್ ಬರೆಯಲು ಬೇಕಾದ ಕ್ಯೂ, ಡಬ್ಲ್ಯೂ, ಎಕ್ಸ್ ಎಂಬ ಮೂರು ಅಕ್ಷರ ಟರ್ಕಿಷ್ ವರ್ಣಮಾಲೆಯಲ್ಲಿಲ್ಲ. 2013ರವರೆಗೆ ಅವುಗಳ ಬಳಕೆಗೆ ಕಾನೂನಿನ ತಡೆ ಇತ್ತು. 1991ರಲ್ಲಿ ಕುರ್ದ್ ಸಂಸದೆ ಲೈಲಾ ಜಾನಾ ಸಂಸತ್ತಿನಲ್ಲಿ ಪ್ರಮಾಣವಚನ ಮುಗಿಸಿ ತುರ್ಕ್, ಕುರ್ದ್ ಸೋದರತೆಯ ಕುರಿತು ಕುರ್ದಿಷ್‌ನಲ್ಲಿ ಒಂದು ವಾಕ್ಯ ಆಡಿದಾಗ ಸಭೆ ಗದ್ದಲದಲ್ಲಿ ಮುಳುಗಿತು. ಮೂರು ವರ್ಷದ ಬಳಿಕ ಅವರು ಜೈಲು ಸೇರಿ ಹತ್ತು ವರ್ಷ ಒಳಗಿದ್ದರು. 1978ರಲ್ಲಿ ಅಬ್ದುಲ್ಲಾ ಒಜಲಾನ್ ಕಟ್ಟಿದ ಪಿಕೆಕೆ ಸ್ವತಂತ್ರ ಕುರ್ದಿಸ್ತಾನ ಕೇಳಿ 1984ರಲ್ಲಿ ಬಂದೂಕು ಹಿಡಿಯಿತು. ಸುಮಾರು 40 ಸಾವಿರ ಜೀವ ಹೋದವು. 1999ರಲ್ಲಿ ಸೆರೆಸಿಕ್ಕ ಒಜಲಾನ್, ಇಮ್ರಾಲಿ ದ್ವೀಪದ ಜೈಲಿನಲ್ಲಿ ಕೂತು ಪ್ರತ್ಯೇಕ ದೇಶದ ಗುರಿಯನ್ನೇ ಕೈಬಿಟ್ಟರು. 2025ರ ಫೆಬ್ರುವರಿ 27ರ ಅವರ ಹೇಳಿಕೆ ಬೇರೆ ರಾಷ್ಟ್ರ ಮಾತ್ರವಲ್ಲ, ಒಕ್ಕೂಟ ಮತ್ತು ಸ್ವಾಯತ್ತತೆಯೂ ಪರಿಹಾರವಲ್ಲ ಎಂದಿತು. ಮೇ 12ಕ್ಕೆ ಪಿಕೆಕೆ ವಿಸರ್ಜನೆ ಪ್ರಕಟಿಸಿತು.

ಸಿರಿಯಾದಲ್ಲಿ 1962ರ ಒಂದು ಜನಗಣತಿಯಲ್ಲಿ ಸುಮಾರು 1.2 ಲಕ್ಷ ಕುರ್ದರ ಪೌರತ್ವವನ್ನೇ ಕಿತ್ತುಕೊಳ್ಳಲಾಗಿತ್ತು. 2012ರ ನಂತರ ಅಂತರ್ಯುದ್ಧದ ನಡುವೆ ಅವರು ಈಶಾನ್ಯದಲ್ಲಿ ಸ್ವಂತ ಆಡಳಿತ ಕಟ್ಟಿದರು. ಆದರೆ ಬೇರೆ ದೇಶ ಎಂದು ಎಂದೂ ಘೋಷಿಸಲಿಲ್ಲ. ಅಸಾದ್ ಬಿದ್ದ ಮೇಲೆ, 2025ರ ಮಾರ್ಚ್ 10ರಂದು, ಅವರ ಸೇನಾನಿ ಮಜ್ಲೂಮ್ ಅಬ್ದಿ ಡಮಾಸ್ಕಸ್‌ನಲ್ಲಿ ಹೊಸ ಸರ್ಕಾರದ ಮುಖ್ಯಸ್ಥ ಅಹ್ಮದ್ ಅಲ್ ಶರಾ ಜತೆ ವಿಲೀನದ ಒಪ್ಪಂದಕ್ಕೆ ಸಹಿ ಹಾಕಿದರು. ಸೈನಿಕರು ಒಬ್ಬೊಬ್ಬರಾಗಿ ಸೇನೆಗೆ ಸೇರುವುದೋ, ಇಡೀ ಪಡೆಯಾಗಿಯೋ ಎಂಬಲ್ಲಿಂದ ತಕರಾರು ಶುರುವಾಯಿತು.

ಇರಾನ್‌ನ ಕುರ್ದ್ ಪಕ್ಷಗಳು ಸಾಮಾನ್ಯವಾಗಿ ಕೇಳುವುದು ಪ್ರಜಾಪ್ರಭುತ್ವದ ಇರಾನ್‌ನೊಳಗೆ ಸ್ವಾಯತ್ತತೆ ಅಥವಾ ಒಕ್ಕೂಟ. 2022ರಲ್ಲಿ ಪೊಲೀಸ್ ವಶದಲ್ಲಿ ಸತ್ತ ಜಿನಾ ಮಹ್ಸಾ ಅಮಿನಿ ಸಕ್ಕೆಜ್‌ನ ಕುರ್ದ್ ಯುವತಿ. ಆಗ ಇಡೀ ಇರಾನ್ ಕೂಗಿದ ‘ಜಿನ್, ಜಿಯಾನ್, ಆಜಾದಿ’ (ಮಹಿಳೆ, ಜೀವನ, ಸ್ವಾತಂತ್ರ್ಯ) ಕುರ್ದಿಷ್ ಘೋಷಣೆ.

ಈಗ ಎರ್ಬಿಲ್‌ನಲ್ಲಿ ಏನಿದೆ?

2022ರ ಫೆಬ್ರುವರಿಯಲ್ಲಿ ಇರಾಕ್ ಸುಪ್ರೀಂ ಕೋರ್ಟ್ ಕುರ್ದಿಸ್ತಾನದ ತೈಲ ಕಾನೂನನ್ನು ರದ್ದುಮಾಡಿತು. 2023ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಪಂಚಾಯ್ತಿ ನ್ಯಾಯಮಂಡಳಿ, ಬಾಗ್ದಾದಿನ ಅನುಮತಿಯಿಲ್ಲದೆ ಆ ತೈಲ ಸಾಗಿಸಿದ್ದು ತಪ್ಪು ಎಂದು ಟರ್ಕಿಗೆ ಸುಮಾರು 150 ಕೋಟಿ ಡಾಲರ್ ದಂಡ ಹಾಕಿತು. ಮಾರ್ಚ್ 25ಕ್ಕೆ ಟರ್ಕಿ ಪೈಪ್‌ಲೈನ್ ಮುಚ್ಚಿತು. ದಿನಕ್ಕೆ ಸುಮಾರು 4.5 ಲಕ್ಷ ಬ್ಯಾರಲ್ ಹರಿಯುವುದು ನಿಂತು ಎರಡೂವರೆ ವರ್ಷ ಕಳೆಯಿತು. ಆ ಎರಡೂವರೆ ವರ್ಷವೂ ಸಂಬಳಕ್ಕಾಗಿ ಬಾಗ್ದಾದಿನ ಮುಖ ನೋಡುವುದಾಯಿತು.

2025ರ ಸೆಪ್ಟೆಂಬರ್ 27ರಂದು ತೈಲ ಮತ್ತೆ ಹರಿಯಿತು, ಆದರೆ ಷರತ್ತು ಬದಲಾಗಿತ್ತು. ದಿನಕ್ಕೆ ಕನಿಷ್ಠ 2.3 ಲಕ್ಷ ಬ್ಯಾರಲ್ ಇರಾಕ್‌ನ ಸರ್ಕಾರಿ ತೈಲ ಮಾರಾಟ ಸಂಸ್ಥೆ ಸೊಮೊಗೆ ಒಪ್ಪಿಸಬೇಕು, 50 ಸಾವಿರ ಬ್ಯಾರಲ್ ಸ್ಥಳೀಯ ಬಳಕೆಗೆ ಇಟ್ಟುಕೊಳ್ಳಬಹುದು. ಮಾರುವವನು ಬಾಗ್ದಾದ್, ದುಡ್ಡು ಬರುವುದು ಬಾಗ್ದಾದಿಗೆ. 2014ರಲ್ಲಿ ಸ್ವಾತಂತ್ರ್ಯದ ಬಂಡವಾಳ ಎಂದುಕೊಂಡದ್ದು ಈಗ ಒಕ್ಕೂಟದ ಲೆಕ್ಕಪುಸ್ತಕದ ಒಂದು ಸಾಲು. ಎರ್ಬಿಲ್‌ನಲ್ಲಿ ಜನಮತದ ಫಲಿತಾಂಶವನ್ನು ಯಾರೂ ವಾಪಸ್ ಪಡೆದಿಲ್ಲ, ಅದನ್ನು ಜಾರಿಗೆ ತರಲು ಯಾರೂ ಹೊರಟಿಲ್ಲ.

ಆ ಪೈಪ್‌ಲೈನ್‌ಗೆ ಆಧಾರವಾಗಿದ್ದದ್ದು ಇರಾಕ್ ಮತ್ತು ಟರ್ಕಿ 1973ರಲ್ಲಿ ಮಾಡಿಕೊಂಡ ಒಪ್ಪಂದ. ಅದು 2026ರ ಜುಲೈ 27ಕ್ಕೆ ಕೊನೆಯಾಗುತ್ತದೆ ಎಂದು ಟರ್ಕಿ 2025ರ ಜುಲೈಯಲ್ಲಿ ಪ್ರಕಟಿಸಿತು. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಇರುವುದು ಅಂಕಾರಾ ಮತ್ತು ಬಾಗ್ದಾದಿಗೆ ಮಾತ್ರ.